ಕಣ್ಣು ತೆರೆಸುವ ಕಸುಬು

ದೊಡ್ಡಬೆಳವಂಗಲ ಹೋಬಳಿಯ ಯಾವ ಊರಿಗೆ ಹೋದರೂ ಹಳೇ ಮನೆಗಳ ನಡುಮನೆಯಲ್ಲಿ ಒಂದು ಜೋಡಿ ಫೋಟೋ ಕಾಣುತ್ತದೆ. ಒಂದು ಪಕ್ಕ ತಾತ, ಇನ್ನೊಂದು ಪಕ್ಕ ಅಜ್ಜಿ. ಇಬ್ಬರ ನೋಟವೂ ನೆಟ್ಟಗೆ, ಹಿಂದೆ ಬೂದು ಮೋಡ, ಗಾಜಿನ ಮೇಲೆ ಕುಂಕುಮ. ಬಂದ ನೆಂಟರು "ಎಷ್ಟು ಚೆನ್ನಾಗಿ ತೆಗೆದವ್ರೆ" ಅನ್ನುತ್ತಾರೆ. ಇಂಥ ಎಷ್ಟೋ ಫೋಟೋಗಳನ್ನು ಯಾರೂ ತೆಗೆದೇ ಇಲ್ಲ. ತಾತ ಸೊಸೈಟಿ ಸಾಲಕ್ಕೆಂದು ಪಾಸ್‌ಪೋರ್ಟ್ ಸೈಜಿಗೆ ಕೂತದ್ದು ಒಂದು ಕಾಲ, ಅಜ್ಜಿ ಯಾರದೋ ಮದುವೆಯ ಗುಂಪಿನಲ್ಲಿ ಹಿಂದಿನ ಸಾಲಿನಿಂದ ಇಣುಕಿದ್ದು ಇನ್ನೊಂದು ಕಾಲ. ಬದುಕಿದ್ದಾಗ ಒಂದು ದಿನವೂ ಗಂಡನ ಪಕ್ಕ ಹಾಗೆ ಕೂತಿರದ ಆಕೆಯನ್ನು ತಂದು ಕೂರಿಸಿದವರು ನನ್ನಂಥವರು. ಸ್ಟುಡಿಯೋಗಳಲ್ಲಿ ನಮ್ಮ ಕೆಲಸವನ್ನು 'ಟಚಿಂಗ್' ಅನ್ನುತ್ತಿದ್ದರು.

ನಾನು ಈ ಕಸುಬು ಕಲಿತದ್ದು ದೊಡ್ಡಬಳ್ಳಾಪುರದ ಒಂದು ಸ್ಟುಡಿಯೋದಲ್ಲಿ. ಆಮೇಲೆ ದಾಬಸ್‌ಪೇಟೆ ರಸ್ತೆಯ ಮೇಲಿರುವ ನಮ್ಮೂರಿಗೇ ಬಂದು ಅಂಗಡಿ ಇಟ್ಟೆ. ಈಗ ಅಂಗಡಿಗೆ ಬರುವ ಹುಡುಗರು ನನ್ನನ್ನು ಕೇಳುವ ಮಾತು ಒಂದೇ: "ಎಐ ಬಂದೈತಲ್ಲಣ್ಣ, ಇನ್ನು ನಿಮ್ ಕೆಲ್ಸ ಮುಗೀತಲ್ವಾ?" ಈ ಕಸುಬು ಹಿಂದೆಯೂ ಒಮ್ಮೆ ಮುಗಿದಿತ್ತು. ಅದನ್ನು ಮುಗಿಸಿದ್ದು ಕಂಪ್ಯೂಟರ್ ಅಲ್ಲ. ಆ ಕಥೆ ತಿಳಿದರೆ ಎಐ ಜೊತೆ ಹೇಗೆ ಬಾಳಬೇಕು ಅನ್ನುವುದೂ ತಿಳಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಳಶದ ಪಕ್ಕಕ್ಕೆ ಬಂದ ಮುಖ

ಫೋಟೋ ಬರುವ ಮುಂಚೆ ನಮ್ಮ ಹಿರಿಯರಿಗೆ ಮುಖ ಇರಲಿಲ್ಲ. ಪಿತೃಪಕ್ಷದಲ್ಲಿ ಕಳಶ ಇಟ್ಟು, ಹೊಸ ಪಂಚೆ ಸೀರೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಅಟ್ಟು ಎಡೆ ಹಾಕಿ, ಹೆಸರು ಹಿಡಿದು ಕರೆಯುತ್ತಿದ್ದರು. ಹೆಸರು ನೆನಪಿದ್ದರೆ ಸಾಕಾಗಿತ್ತು. ಆಮೇಲೆ ಯಾವುದೋ ಮನೆಯಲ್ಲಿ ಕಳಶದ ಪಕ್ಕ ಒಂದು ಫೋಟೋ ಬಂದು ಕೂತಿತು. ಪಕ್ಕದ ಮನೆಯವರು ನೋಡಿದರು. ಫೋಟೋ ಇಲ್ಲದ ಹಿರಿಯರು ಅನಾಥರ ಹಾಗೆ ಕಾಣತೊಡಗಿದರು. ಭಾದ್ರಪದ ಹುಟ್ಟುತ್ತಿದ್ದ ಹಾಗೆ ಸ್ಟುಡಿಯೋ ಮುಂದೆ ಜನ ನಿಲ್ಲುವುದು ಹೀಗೆ ಶುರುವಾಯಿತು. ಮದುವೆ ಸೀಸನ್ ಬಿಟ್ಟರೆ ನಮ್ಮ ಕಸುಬಿಗೆ ದೊಡ್ಡ ಸೀಸನ್ ಪಕ್ಷವೇ.

ಇದರಲ್ಲೊಂದು ತೊಡಕಿತ್ತು. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ನಂಬಿದ್ದ ಆ ತಲೆಮಾರಿನವರು ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಂಡು ಒಳಗೆ ಹೋಗುತ್ತಿದ್ದರು. ಸತ್ತ ಮೇಲೆ ಅವರ ಫೋಟೋ ಬೇಕು, ಬದುಕಿದ್ದಾಗ ತೆಗೆಸಿದ್ದಿಲ್ಲ. ಟಚಿಂಗ್ ಕಸುಬು ಈ ಸಂದಿನಲ್ಲಿ ಬೇರು ಬಿಟ್ಟಿತು.

1855

ನೆಗೆಟಿವ್ ಮೇಲೆ ಕೈಯಾಡಿಸುವುದು ಸುಮಾರು ಕ್ಯಾಮೆರಾದಷ್ಟೇ ಹಳೆಯದು. ಮ್ಯೂನಿಕ್‌ನ ಫ್ರಾಂಜ್ ಹಾನ್ಫ್‌ಸ್ಟೆಂಗ್ಲ್ ಎಂಬಾತ 1855ರ ಪ್ಯಾರಿಸ್ ಪ್ರದರ್ಶನದಲ್ಲಿ ತಿದ್ದಿದ ನೆಗೆಟಿವ್ ಇಟ್ಟು ಜನರನ್ನು ಬೆರಗುಗೊಳಿಸಿದ. ಅದೇ 1855ರಲ್ಲಿ ಮದ್ರಾಸಿನ ಪ್ರದರ್ಶನದಲ್ಲಿ ಬೇಲೂರು, ಹಳೇಬೀಡಿನ ಗುಡಿಗಳ ಫೋಟೋಗಳು ಗೋಡೆಗೇರಿದವು. ಅವನ್ನು ತೆಗೆದವನು ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಲಿನೇಯಸ್ ಟ್ರೈಪ್. ಆ ವರ್ಷವೇ ಅವನನ್ನು ಬರ್ಮಾಕ್ಕೆ ಕಳಿಸಿದರು. ಅಲ್ಲಿ ತೆಗೆದ ಕಾಗದದ ನೆಗೆಟಿವ್‌ಗಳನ್ನು ಬೆಂಗಳೂರಿಗೆ ತಂದು ಮುದ್ರಿಸಿದ.

ಆ ಕಾಲದ ನೆಗೆಟಿವ್‌ಗೆ ನೀಲಿ ಬೆಳಕು ಹೆಚ್ಚು ತಾಗುತ್ತಿತ್ತು. ಹಾಗಾಗಿ ಪ್ರಿಂಟಿನಲ್ಲಿ ಆಕಾಶ ಬರೀ ಬಿಳಿ ಹಾಳೆಯಾಗಿ ಬರುತ್ತಿತ್ತು. ಟ್ರೈಪ್ ಕುಂಚ ಹಿಡಿದು ನೆಗೆಟಿವ್ ಮೇಲೆಯೇ ಮೋಡ ಬರೆದ, ಮರದ ಎಲೆಗಳನ್ನು ತಿದ್ದಿದ. ಅಂದರೆ ಬೆಂಗಳೂರು ಸೀಮೆಯಲ್ಲಿ ಟಚಿಂಗ್‌ಗೆ ನೂರಾ ಅರವತ್ತು ವರ್ಷಕ್ಕೂ ಮಿಕ್ಕಿದ ವಯಸ್ಸು. ಫೋಟೋ ಅಂದರೆ ಸತ್ಯ, ತಿದ್ದುವುದು ಈಚಿನ ಕೇಡು ಎಂದು ಮಾತಾಡುವವರು ಈ ಮೋಡಗಳನ್ನು ನೆನೆಯಬೇಕು.

ಬೇರೆ ಬೇರೆ ಫೋಟೋ ಕೂಡಿಸಿ ಒಂದು ಮಾಡುವುದೂ ಆ ಕಾಲದ್ದೇ. ಇಂಗ್ಲೆಂಡಿನ ಹೆನ್ರಿ ಪೀಚ್ ರಾಬಿನ್ಸನ್ 1858ರಲ್ಲಿ ಐದು ನೆಗೆಟಿವ್ ಜೋಡಿಸಿ, ಸಾಯುತ್ತಿರುವ ಹುಡುಗಿಯ ಸುತ್ತ ಮನೆಯವರು ಕೂತ ಒಂದು ಚಿತ್ರ ಮಾಡಿದ. ಕೂಡಿಸಿದ್ದು ಅಂತ ತಿಳಿದಾಗ ಕೆಲವರು ಬೈದರು. ನಮ್ಮ ಕಡೆ ಕ್ಯಾಮೆರಾಕ್ಕೂ ಕುಂಚಕ್ಕೂ ಜಗಳವೇ ಇರಲಿಲ್ಲ. ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ದಸರಾ ಮೆರವಣಿಗೆಯ ಚಿತ್ರಗಳಿವೆಯಲ್ಲ, 1934ರಿಂದ 1945ರವರೆಗೆ ಕಲಾವಿದರು ಅವನ್ನು ಬರೆದದ್ದು ನಿಜವಾದ ಮೆರವಣಿಗೆಯ ಫೋಟೋಗಳನ್ನು ಮುಂದಿಟ್ಟುಕೊಂಡು. ಗುಂಪಿನಲ್ಲಿರುವವರ ಮುಖಗಳು ಗುರುತು ಹಿಡಿಯುವ ಹಾಗಿರುವುದಕ್ಕೆ ಕಾರಣ ಅದು.

ಪೆನ್ಸಿಲ್, ಬ್ಲೇಡು, ಕೆಂಪು ಬಲ್ಬು

ನನಗೆ ಕಲಿಸಿದವರು ಮೊದಲು ಕೊಟ್ಟದ್ದು ಪೆನ್ಸಿಲ್ ಮತ್ತು ಉಪ್ಪು ಕಾಗದ. ಪೆನ್ಸಿಲ್ಲಿನ ಸೀಸವನ್ನು ಒಂದಂಗುಲ ಹೊರಗೆ ಬಿಡಿಸಿ, ಉಪ್ಪು ಕಾಗದಕ್ಕೆ ತಿಕ್ಕಿ ತಿಕ್ಕಿ ಸೂಜಿ ಮಾಡಬೇಕು. ಎಚ್‌ಬಿಯಿಂದ ಹಿಡಿದು ಗಟ್ಟಿ ಸೀಸದವರೆಗೆ ಸಾಲಾಗಿ ಇರುತ್ತಿದ್ದವು. ಇಳಿಜಾರು ಡೆಸ್ಕಿನ ನಡುವೆ ಉಜ್ಜಿದ ಗಾಜು, ಕೆಳಗೆ ಕಿಟಕಿ ಬೆಳಕನ್ನು ಮೇಲಕ್ಕೆ ಎಸೆಯುವ ಕನ್ನಡಿ. ಗಾಜಿನ ಮೇಲೆ ನೆಗೆಟಿವ್. ಅದರ ಮದ್ದಿನ ಕಡೆಗೆ ಒಂದು ತೊಟ್ಟು ವಾರ್ನಿಷ್‌ನಂಥ ಎಣ್ಣೆ ಸವರಿದರೆ ಪೆನ್ಸಿಲ್ ಹಿಡಿಯುತ್ತದೆ.

ನೆಗೆಟಿವ್ ಲೋಕದಲ್ಲಿ ಎಲ್ಲ ತಿರುಗುಮುರುಗು. ಮುಖದ ಸುಕ್ಕು, ಕಣ್ಣಡಿಯ ಕಪ್ಪು, ಮೊಡವೆಯ ಗುರುತು ಅಲ್ಲಿ ತೆಳ್ಳಗೆ, ಬೆಳಕು ಹಾಯುವ ಗೆರೆಗಳಾಗಿ ಕಾಣುತ್ತವೆ. ಆ ತೆಳು ಜಾಗಕ್ಕೆ ಪೆನ್ಸಿಲ್ಲಿನಿಂದ ಅಲ್ಪವಿರಾಮದಷ್ಟು ಸಣ್ಣ ಸಣ್ಣ ಗೀಟು ಹಾಕಿ ತುಂಬಿದರೆ ಪ್ರಿಂಟಿನಲ್ಲಿ ಸುಕ್ಕು ತಿಳಿಯಾಗುತ್ತದೆ. ಮೂಗಿನ ತುದಿಯ ಹೊಳಪು ಅಲ್ಲಿ ಮಂದವಾಗಿರುತ್ತದೆ; ಅದನ್ನು ಬ್ಲೇಡಿನ ಮೂಲೆಯಿಂದ ಹೆರೆಯಬೇಕು. ಹೆರೆದದ್ದು ಹೆಚ್ಚಾದರೆ ಆ ನೆಗೆಟಿವ್ ಕಥೆ ಮುಗಿಯಿತು. ಅಲ್ಲಿ ವಾಪಸು ಹೋಗುವ ಗುಂಡಿ ಇರಲಿಲ್ಲ.

ಸಿಡುಬು ನಮ್ಮ ದೇಶದಲ್ಲಿ ಕೊನೆಗೊಂಡದ್ದು 1975ರಲ್ಲಿ. ಅದಕ್ಕೆ ಮುಂಚೆ ಹುಟ್ಟಿದ ಎಷ್ಟೋ ಮುಖಗಳಲ್ಲಿ ಅದರ ಕುಳಿಗಳಿದ್ದವು. ಹೆಣ್ಣಿನ ಫೋಟೋವನ್ನು ಗಂಡಿನ ಮನೆಗೆ ಕಳಿಸುವ ಕಾಲ ಬಂದಾಗ ತಾಯಂದಿರು ಕೌಂಟರಿನ ಹತ್ತಿರ ಬಗ್ಗಿ, "ಸಾಮಿ, ವಸಿ ಕಾಣ್ದಂಗೆ ಮಾಡ್ಕೊಡಿ" ಅನ್ನುತ್ತಿದ್ದರು. ನಮ್ಮ ಗುರುಗಳು ಕುಳಿಯ ನೆರಳನ್ನು ಅರ್ಧಕ್ಕೆ ಇಳಿಸುತ್ತಿದ್ದರು, ಪೂರ್ತಿ ಅಳಿಸುತ್ತಿರಲಿಲ್ಲ. ಮುಂದೆ ಹೆಣ್ಣು ನೋಡಲು ಬಂದವರು ಫೋಟೋವನ್ನೂ ಹುಡುಗಿಯನ್ನೂ ನೋಡಿದಾಗ ಇಬ್ಬರೂ ಒಬ್ಬಳೇ ಆಗಿರಬೇಕು ಅನ್ನುವುದು ಅವರ ಲೆಕ್ಕ.

ಸ್ಟುಡಿಯೋದಲ್ಲಿ ಮೊಳೆಗೆ ತೂಗುಹಾಕಿದ ಒಂದು ಕರೀ ಕೋಟು ಇರುತ್ತಿತ್ತು. ಕೋಟು ಇಲ್ಲದವರೆಲ್ಲ ಅದನ್ನೇ ತೊಟ್ಟು ಕೂರುತ್ತಿದ್ದರು. ಸತ್ತವರಿಗೆ ಬೇಕೆಂದರೆ ಕುಂಚದಲ್ಲಿ ಬರೆದು ತೊಡಿಸುತ್ತಿದ್ದೆವು. ಆ ಕೋಟು ಸ್ಟುಡಿಯೋದ್ದು ಎಂದು ಇಡೀ ತಾಲ್ಲೂಕಿಗೆ ಗೊತ್ತಿತ್ತು, ಯಾರಿಗೂ ಮೋಸವಿಲ್ಲ. ಗುರುಗಳ ಮಾತು ಇಷ್ಟೇ: "ಬಟ್ಟೆ ನಮ್ದು, ಮುಖ ಅವರ್ದು." ಕಸುಬಿನ ಧರ್ಮವೆಲ್ಲ ಅದರಲ್ಲೇ ಇತ್ತು.

ಕಣ್ಣು

ಬದುಕಿದ್ದಾಗ ಫೋಟೋ ಇಲ್ಲದವರು ತೀರಿಕೊಂಡರೆ ಅಂದೇ ಸ್ಟುಡಿಯೋದವರಿಗೆ ಹೇಳಿಕಳಿಸುತ್ತಿದ್ದರು. ನಮ್ಮ ಕಡೆ ಹೆಣವನ್ನು ಜಗಲಿಯ ಮೇಲೆ ಗೋಡೆಗೋ ಕುರ್ಚಿಗೋ ಒರಗಿಸಿ ಕೂರಿಸುವ ರೂಢಿ. ಹೂವು ಹಾಕಿ, ಹಣೆಗೆ ಕಾಸು ಇಟ್ಟು, ಬಾಯಿ ತೆರೆಯದ ಹಾಗೆ ಗಲ್ಲಕ್ಕೆ ಬಟ್ಟೆ ಕಟ್ಟಿರುತ್ತಾರೆ. ಸುತ್ತ ಮನೆಯವರು. ಅದೇ ಅವರ ಮೊದಲನೇ ಫೋಟೋ.

ಅದನ್ನು ತಂದು 12-15 ಇಂಚಿಗೆ ಎನ್‌ಲಾರ್ಜ್ ಮಾಡಿ, ಬ್ರೋಮೈಡ್ ಪ್ರಿಂಟಿನ ಮೇಲೆ ಕೆಲಸ ಶುರು. ಮೊದಲು ಕಾಸು ತೆಗೆಯುವುದು, ಗಲ್ಲದ ಬಟ್ಟೆ ತೆಗೆಯುವುದು, ಮೂಗಿನ ಹತ್ತಿ ತೆಗೆಯುವುದು, ಜೋತ ಕೆನ್ನೆಯನ್ನು ನೆರಳಿನಿಂದ ಎತ್ತುವುದು. ಕೊನೆಗೆ ಕಣ್ಣು. ಮುಚ್ಚಿದ ರೆಪ್ಪೆಯ ಮೇಲೆ ಬಿಳಿ ಕಟ್ಟಿ, ಕಪ್ಪು ಗುಡ್ಡೆ ಇಟ್ಟು, ಅದರಲ್ಲಿ ಬೆಳಕಿನ ಚುಕ್ಕಿ ಹಚ್ಚಬೇಕು. ಎರಡು ಕಣ್ಣಿನ ಚುಕ್ಕಿಯೂ ಒಂದೇ ದಿಕ್ಕಿಗಿರಬೇಕು, ಇಲ್ಲದಿದ್ದರೆ ಮೆಳ್ಳೆಗಣ್ಣು. ಎಲ್ಲ ಮುಗಿದ ಮೇಲೆ ಆ ಪ್ರಿಂಟನ್ನೇ ಕಾಪಿ ಹೊಡೆದು ಹೊಸ ನೆಗೆಟಿವ್ ಮಾಡಿದರೆ ಕುಂಚದ ಗುರುತು ಕಾಣುವುದಿಲ್ಲ.

ಯಾವ ಕಣ್ಣು ಬರೆಯಬೇಕು? ಅವರ ಕಣ್ಣು ತೆರೆದಿದ್ದನ್ನು ನಾವು ನೋಡಿಲ್ಲ. ಗುರುಗಳು ಮನೆಯವರನ್ನು ಕೇಳುತ್ತಿದ್ದರು: "ಮಕ್ಕಳ ಪೈಕಿ ಯಾರ್ದು ಅವರಂಗೇ ಕಣ್ಣು?" ಅವರೊಳಗೇ ಒಂದು ಸಣ್ಣ ಪಂಚಾಯ್ತಿ ನಡೆಯುತ್ತಿತ್ತು. "ನಡುವಿನವಂದು." "ಅಲ್ಲ ಕಣೆ, ಕಣ್ಣು ಚಿಕ್ಕವಳ್ದು, ಹುಬ್ಬು ನಡುವಿನವಂದು." ಒಪ್ಪಂದ ಆದ ಮೇಲೆ ಆ ಮಗನನ್ನೋ ಮಗಳನ್ನೋ ಕಿಟಕಿಯ ಹತ್ತಿರ ಕೂರಿಸಿ, ಅವರ ಕಣ್ಣು ನೋಡಿಕೊಂಡು ಅಪ್ಪನಿಗೆ ಕಣ್ಣು ಬರೆಯುತ್ತಿದ್ದರು. ವಯಸ್ಸಿಗೆ ತಕ್ಕ ಹಾಗೆ ರೆಪ್ಪೆ ಇಳಿಸುತ್ತಿದ್ದರು. ಆ ಮನೆಯವರು ಫೋಟೋ ನೋಡಿ ಒಪ್ಪಿದರೆ ಆ ಕಣ್ಣು ಅವರದೇ. ಒಪ್ಪದಿದ್ದರೆ ಮತ್ತೆ ಬರೆಯಬೇಕು, ಕಾಸಿಲ್ಲದೆ.

ತಾತ ಅಜ್ಜಿಯನ್ನು ಒಟ್ಟಿಗೆ ಕೂರಿಸುವ ಜಾಯಿಂಟ್ ಫೋಟೋ ಮಾಡುವ ಬಗೆ ಬೇರೆ. ಇಬ್ಬರ ಮುಖವನ್ನೂ ಒಂದೇ ಅಳತೆಗೆ ಬರುವ ಹಾಗೆ ಪ್ರಿಂಟ್ ಹಾಕಬೇಕು. ಒಂದರ ಅಂಚನ್ನು ಬ್ಲೇಡಿನಿಂದ ಕತ್ತರಿಸಿ, ಹಿಂಬದಿಯನ್ನು ಉಪ್ಪು ಕಾಗದದಿಂದ ತೆಳ್ಳಗೆ ಉಜ್ಜಿ, ಇನ್ನೊಂದರ ಮೇಲೆ ಅಂಟಿಸಬೇಕು. ಬೆಳಕು ಒಬ್ಬರಿಗೆ ಎಡದಿಂದ, ಇನ್ನೊಬ್ಬರಿಗೆ ಬಲದಿಂದ ಬಿದ್ದಿದ್ದರೆ ಒಬ್ಬರ ನೆರಳನ್ನು ಕುಂಚದಿಂದ ಆಚೆ ದಾಟಿಸಬೇಕು. ಭುಜಗಳು ಕೂಡುವ ಜಾಗ ಕಷ್ಟದ್ದು. ಹಿಂದೆ ಮೋಡದಂಥ ಬೂದು ಬಣ್ಣ ಊದುವುದು ಆ ಜೋಡಣೆಯನ್ನು ಮುಚ್ಚುವುದಕ್ಕೇ.

ಪ್ರಿಂಟಿನ ಹಿಂದಿನ ಬರಹ

ಬಣ್ಣದ ಫಿಲ್ಮು ಬರುವ ಮುಂಚೆ ಬಣ್ಣ ಬೇಕೆಂದರೆ ಕೈಯಲ್ಲೇ ಹಚ್ಚಬೇಕಿತ್ತು. ಆರ್ಡರ್ ತಗೊಂಡವರು ಪ್ರಿಂಟಿನ ಹಿಂದೆ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದರು: "ಸೀರೆ ಗಿಣಿಹಸಿರು, ಅಂಚು ಕೆಂಪು, ನೂಲಿಂದು, ರೇಷ್ಮೆ ಅಲ್ಲ. ಮೂಗುಬೊಟ್ಟು ಎರಡೂ ಕಡೆ, ಬಿಳಿ ಕಲ್ಲು. ಮೈ ಎಣ್ಣೆಗಪ್ಪು." ದೊಡ್ಡಬಳ್ಳಾಪುರ ಮಗ್ಗದ ಊರು. ಅಲ್ಲಿ ನೂಲಿನ ಸೀರೆಗೆ ರೇಷ್ಮೆ ಹೊಳಪು ಹಚ್ಚಿದರೆ ನೋಡಿದವರು ನಗುತ್ತಿದ್ದರು.

ಕುಂಕುಮ ನಮ್ಮನ್ನು ಕಾಡಿದಷ್ಟು ಬೇರೆ ಯಾವುದೂ ಕಾಡಿಲ್ಲ. ಹಳೇ ಆರ್ಥೋ ಪ್ಲೇಟಿಗೆ ಕೆಂಪು ಬೆಳಕು ಕಾಣುವುದಿಲ್ಲ, ಡಾರ್ಕ್ ರೂಮಿನಲ್ಲಿ ಕೆಂಪು ಬಲ್ಬು ಉರಿಸಬಹುದಾಗಿದ್ದದ್ದು ಅದರಿಂದಲೇ. ಅದರಲ್ಲಿ ಕುಂಕುಮ ಕಡುಗಪ್ಪಾಗಿ ಬೀಳುತ್ತಿತ್ತು, ತುಟಿ ಕಪ್ಪು, ಎಣ್ಣೆಗಪ್ಪಿನ ಮೈ ಇದ್ದಿಲು. ಆಮೇಲೆ ಎಲ್ಲ ಬಣ್ಣಕ್ಕೂ ಒದಗುವ ಪ್ಯಾಂಕ್ರೊ ಫಿಲ್ಮು ಬಂದಾಗ ಕೆಂಪು ತಿಳಿಯಾಗಿ, ಹಣೆಯಲ್ಲಿ ಕುಂಕುಮ ಇದೆಯೋ ಇಲ್ಲವೋ ಅನ್ನುವ ಹಾಗಾಯಿತು. ಮುತ್ತೈದೆಯ ಹಣೆ ಬೋಳಾಗಿ ಕಂಡರೆ ಮನೆಯವರು ಸುಮ್ಮನಿರುತ್ತಾರೆಯೇ? ಫಿಲ್ಮು ಬದಲಾದಾಗಲೆಲ್ಲ ನಾವು ಕುಂಕುಮ ಇಟ್ಟೇ ಇಟ್ಟೆವು.

ಕಸುಬು ಸತ್ತ ವರ್ಷಗಳು

ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಲ್ಲಿ ಉತ್ಪಾದನೆ ಶುರು ಮಾಡಿದ ಮೇಲೆ 'ಇಂದು' ಹೆಸರಿನ ಫಿಲ್ಮು, ಕಾಗದ ಊರೂರಿಗೆ ಬಂದವು. 120 ಫಿಲ್ಮಿನ ನೆಗೆಟಿವ್ ಆರು ಸೆಂಟಿಮೀಟರ್ ಅಗಲ ಇರುತ್ತಿತ್ತು. ಅದರಲ್ಲಿ ಮುಖಕ್ಕೆ ಪೆನ್ಸಿಲ್ ಆಡಿಸಲು ಜಾಗವಿತ್ತು. ಎಂಬತ್ತರ ದಶಕದಲ್ಲಿ 35 ಎಂಎಂ ಬಣ್ಣದ ರೋಲು, ಅದರ ಜೊತೆ ಬೆಂಗಳೂರಿನ ಕಲರ್ ಲ್ಯಾಬುಗಳು ಬಂದವು. ಆ ನೆಗೆಟಿವ್ ಬರೀ 24-36 ಮಿಲಿಮೀಟರ್. ಮದುವೆ ಗುಂಪಿನಲ್ಲಿ ಒಂದು ಮುಖ ರಾಗಿ ಕಾಳಿನಷ್ಟೂ ಇರುವುದಿಲ್ಲ. ಎಷ್ಟು ಚೂಪು ಮಾಡಿದರೂ ಪೆನ್ಸಿಲ್ಲು ಅಲ್ಲಿ ಗುದ್ದಲಿಯಾಗುತ್ತದೆ. ಅದೂ ಅಲ್ಲದೆ ಬಣ್ಣದ ನೆಗೆಟಿವ್‌ಗೆ ಕಿತ್ತಳೆ ಛಾಯೆ. ಪೆನ್ಸಿಲ್ಲಿನ ಬೂದು ಅಲ್ಲಿ ಒಗ್ಗುವುದಿಲ್ಲ.

ಟಚಿಂಗ್ ಸತ್ತದ್ದು ಆಗ. ಲ್ಯಾಬಿನವರು ಪೊಟ್ಟಣದಲ್ಲಿ ಹಾಕಿ ಕೊಟ್ಟದ್ದೇ ಫೋಟೋ. ಧೂಳಿನ ಬಿಳಿ ಚುಕ್ಕಿಗೆ ಬಣ್ಣ ಇಡುವ ಸ್ಪಾಟಿಂಗ್ ಕೆಲಸವಷ್ಟೇ ಉಳಿಯಿತು. ಡೆಸ್ಕುಗಳು ಅಟ್ಟ ಸೇರಿದವು. ನನ್ನ ಜೊತೆ ಕಲಿತವರಲ್ಲಿ ಕೆಲವರು ಮಗ್ಗಕ್ಕೆ ಕೂತರು, ಕೆಲವರು ವಿಡಿಯೋ ಹಿಡಿದರು.

ಅದೇ ಹೊತ್ತಿಗೆ ಇನ್ನೊಂದು ನಡೆಯಿತು. 1993ರಲ್ಲಿ, ಟಿ.ಎನ್. ಶೇಷನ್ ಅವರ ಕಾಲದಲ್ಲಿ, ಚುನಾವಣಾ ಆಯೋಗ ಭಾವಚಿತ್ರವಿರುವ ಗುರುತಿನ ಚೀಟಿ ತಂದಿತು. ಆಯಸ್ಸು ಕಮ್ಮಿಯಾಗುತ್ತದೆ ಎನ್ನುತ್ತಿದ್ದ ಅಜ್ಜಿಯರೂ ಸಾಲಿನಲ್ಲಿ ನಿಂತು ಕ್ಯಾಮೆರಾ ನೋಡಬೇಕಾಯಿತು. ನಮ್ಮ ಹೋಬಳಿಯ ಎಷ್ಟೋ ಹಿರಿಯರಿಗೆ ಇಂದಿಗೂ ಇರುವ ಒಂದೇ ಮುಖ ಆ ಚೀಟಿಯ ಹೆಬ್ಬೆರಳಗಲದ ಮುಖ.

ಕತ್ತಲೆ ಕೋಣೆ ಕಂಪ್ಯೂಟರಿಗೆ ಬಂದದ್ದು

ಅಮೆರಿಕದ ಮಿಷಿಗನ್‌ನಲ್ಲಿ ಥಾಮಸ್ ನೋಲ್, ಜಾನ್ ನೋಲ್ ಎಂಬ ಅಣ್ಣತಮ್ಮಂದಿರು. ಅವರಪ್ಪ ಮೇಷ್ಟ್ರು, ಫೋಟೋ ಹುಚ್ಚು, ಮನೆಯ ನೆಲಮಾಳಿಗೆಯಲ್ಲಿ ಡಾರ್ಕ್ ರೂಮ್ ಇಟ್ಟಿದ್ದವರು. ಅಲ್ಲಿ ಬೆಳೆದ ಮಕ್ಕಳು ಬರೆದ ಫೋಟೋಶಾಪ್ 1990ರ ಫೆಬ್ರುವರಿಯಲ್ಲಿ ಮಾರುಕಟ್ಟೆಗೆ ಬಂತು. ನಾನು ಮೊದಲು ಅದನ್ನು ತೆರೆದಾಗ ಗುರುತಿನವರ ಮನೆಗೆ ಹೋದಂತಾಯಿತು. ಬೆಳಕನ್ನು ತಡೆಯಲು ನಾವು ತಂತಿಗೆ ರಟ್ಟಿನ ಬಿಲ್ಲೆ ಸಿಕ್ಕಿಸಿ ಎನ್‌ಲಾರ್ಜರ್ ಕೆಳಗೆ ಆಡಿಸುತ್ತಿದ್ದೆವಲ್ಲ, ಆ ಬಿಲ್ಲೆಯ ಚಿತ್ರವೇ ಅಲ್ಲಿತ್ತು. ಬೆಳಕು ಹೆಚ್ಚು ಕೊಡಲು ಬೆರಳು ಮಡಚಿ ಸಂದು ಮಾಡುತ್ತಿದ್ದ ಕೈಯ ಚಿತ್ರವೂ ಇತ್ತು. ಉಪ್ಪು ಕಾಗದದಲ್ಲಿ ಉಜ್ಜಿ ಅಂಚು ತೆಳ್ಳಗೆ ಮಾಡುವುದು ಅಲ್ಲಿ ಫೆದರ್.

1994ರಲ್ಲಿ ಲೇಯರ್ ಬಂತು, ಅಂದರೆ ಒಂದರ ಮೇಲೊಂದು ಹಾಳೆ. ಕೆಳಗಿನದನ್ನು ಕೆಡಿಸದೆ ಮೇಲಿನದರಲ್ಲಿ ಕೆಲಸ ಮಾಡಬಹುದು. ಬ್ಲೇಡಿನಲ್ಲಿ ಹೆರೆದು ಬೆವರುತ್ತಿದ್ದವನಿಗೆ ಅದರ ಬೆಲೆ ಗೊತ್ತು. 2002ರ ಹೀಲಿಂಗ್ ಬ್ರಷ್ ಪಕ್ಕದ ಚರ್ಮ ತಂದು ಕಲೆಯ ಮೇಲೆ ಕೂರಿಸಿ ಬಣ್ಣ ತಾನೇ ಹೊಂದಿಸಿತು. 2010ರಲ್ಲಿ ಬಂದ ಇನ್ನೊಂದು ಸಾಧನ ಹರಿದ ಜಾಗವನ್ನು ಸುತ್ತಲಿನದನ್ನು ನೋಡಿ ತುಂಬಿತು. ಲ್ಯಾಬಿನ ಯಂತ್ರ ಕೊಂದಿದ್ದ ಟಚಿಂಗನ್ನು ಕಂಪ್ಯೂಟರ್ ಎಬ್ಬಿಸಿ ಕೂರಿಸಿತು. ಗುರುತಿನ ಚೀಟಿಯ ಮುಖಗಳು ಪಕ್ಷದ ಹೊತ್ತಿಗೆ ಮತ್ತೆ ನಮ್ಮ ಕೌಂಟರಿಗೆ ಬಂದವು.

ಅಲ್ಲಿಯವರೆಗೆ ಒಂದು ಮಾತು ಬದಲಾಗಿರಲಿಲ್ಲ. ಹೊಸದಾಗಿ ಸೇರಿಸಿದ್ದೆಲ್ಲ ಒಂದೋ ಆ ಫೋಟೋದಿಂದಲೇ ಬರಬೇಕಿತ್ತು, ಇಲ್ಲವೇ ಕೂತವನ ಕೈಯಿಂದ.

ಎಪ್ಪತ್ತು ಸಾವಿರ ಮುಖ

ಎಐ ಬಂದ ಮೇಲೆ ಆ ಮಾತು ಬದಲಾಯಿತು. 2018ರಲ್ಲಿ ಡಿಓಲ್ಡಿಫೈ ಎಂಬ ಪ್ರೋಗ್ರಾಂ ಕಪ್ಪು ಬಿಳುಪಿಗೆ ತಾನೇ ಬಣ್ಣ ಹಚ್ಚಿತು. 2021ರಲ್ಲಿ ಜಿಎಫ್‌ಪಿ-ಗ್ಯಾನ್ ಎಂಬುದು ಮಸುಕಾದ ಮುಖವನ್ನು ಒಂದು ಗಳಿಗೆಯಲ್ಲಿ ಚೂಪು ಮಾಡಿತು. 2023ರ ಮೇ ತಿಂಗಳಲ್ಲಿ ಫೋಟೋಶಾಪಿನೊಳಗೇ ಜೆನೆರೇಟಿವ್ ಫಿಲ್ ಬಂತು. ಬೇಕಾದ್ದನ್ನು ಬರೆದರೆ ಬಿಡಿಸಿ ಕೊಡುತ್ತದೆ. ಹಿಂದೆ ಪ್ರಿಂಟಿನ ಬೆನ್ನಿಗೆ ಬರೆಯುತ್ತಿದ್ದದ್ದನ್ನು ಈಗ ಪೆಟ್ಟಿಗೆಯೊಳಗೆ ಟೈಪ್ ಮಾಡುತ್ತೇವೆ.

ಮೊದಲ ಸಲ ನೋಡಿದಾಗ ನಾನೂ ಬೆರಗಾದೆ. ಗೆದ್ದಲು ತಿಂದ ಅಂಚು, ಬೂಷ್ಟು, ಮಡಿಕೆ ಬಿದ್ದ ಗೆರೆ, ಲ್ಯಾಮಿನೇಷನ್ನಿನ ಗುಳ್ಳೆ ಎಲ್ಲ ಮಾಯ. ಆಮೇಲೆ ಒಬ್ಬ ಹುಡುಗ ಫೋನಿನಲ್ಲೇ ಮಾಡಿಕೊಂಡು ಬಂದ ಅಜ್ಜಿಯ ಫೋಟೋವನ್ನು ಅವರ ಮಗಳಿಗೆ ತೋರಿಸಿದ. ಆಕೆ ತುಸು ಹೊತ್ತು ನೋಡಿ, "ಚೆನ್ನಾಗೌಳೆ ಕಣಪ್ಪ, ಯಾರಿವ್ಳು?" ಅಂದರು.

ಹೀಗಾಗುವುದಕ್ಕೆ ಕಾರಣವಿದೆ. ಗುರುತಿನ ಚೀಟಿಯ ಮುಖದಲ್ಲಿ ರೆಪ್ಪೆ ಎಳೆಯುವಷ್ಟು ವಿವರವೇ ಇರುವುದಿಲ್ಲ. ಇಲ್ಲದ್ದನ್ನು ಯಂತ್ರ ಬೇರೆ ಎಲ್ಲಿಂದಲೋ ತರಬೇಕು. ಜಿಎಫ್‌ಪಿ-ಗ್ಯಾನ್ ಕಲಿತದ್ದು ಫ್ಲಿಕರ್ ಎಂಬ ಜಾಲತಾಣದಿಂದ ಆರಿಸಿದ 70,000 ಮುಖಗಳ ಒಂದು ಸಂಗ್ರಹದಿಂದ. ತಮ್ಮ ಫೋಟೋವನ್ನು ಫ್ಲಿಕರ್‌ಗೆ ಹಾಕುವವರಲ್ಲಿ ಸಾಸಲು, ತೂಬಗೆರೆ, ಮಧುರೆ ಕಡೆಯ ಅಜ್ಜಿಯರು ಎಷ್ಟು ಮಂದಿ ಇದ್ದಾರು? ಹಾಗಾಗಿ ಯಂತ್ರ ಹಣೆಯ ಹಚ್ಚೆಯನ್ನು ಕೊಳೆ ಎಂದುಕೊಂಡು ಒರೆಸುತ್ತದೆ. ಕಿವಿಯ ಮೇಲಂಚಿನ ಬುಗುಡಿಯನ್ನು ಕಲೆ ಎಂದು ತೆಗೆಯುತ್ತದೆ. ಎರಡು ಮೂಗುಬೊಟ್ಟಿನಲ್ಲಿ ಒಂದನ್ನು ಉಳಿಸುತ್ತದೆ. ಬಿದ್ದ ಹಲ್ಲು ಕಟ್ಟಿಸಿ ಕೊಡುತ್ತದೆ. ಎಣ್ಣೆಗಪ್ಪಿನ ಮೈಯನ್ನು ಗೋಧಿ ಮಾಡುತ್ತದೆ. ಹೆಗಲ ಮೇಲಿನ ಕರೀ ಕಂಬಳಿ ಶಾಲಾಗುತ್ತದೆ, ರುಮಾಲು ರಾಜಸ್ಥಾನದ ಪಗಡಿಯಾಗುತ್ತದೆ, ನೂಲಿನ ಸೀರೆಗೆ ಜರಿ ಅಂಚು ಬರುತ್ತದೆ. ಕುಂಕುಮವೋ, ಒಮ್ಮೆ ಕಂದು, ಒಮ್ಮೆ ಕಪ್ಪು, ಒಮ್ಮೆ ಇಲ್ಲವೇ ಇಲ್ಲ.

ಹಳೇ ಟಚಿಂಗಿನವರೂ ಇಲ್ಲದ ಕಣ್ಣು ಬರೆದವರೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಅವರು ಆ ಕಣ್ಣನ್ನು ಮನೆಯವರು ಬೆರಳಿಟ್ಟು ತೋರಿಸಿದ ಒಬ್ಬ ಮಗನಿಂದ ತಂದರು. ಯಂತ್ರ ಎಪ್ಪತ್ತು ಸಾವಿರ ಅಪರಿಚಿತರಿಂದ ತರುತ್ತದೆ. ಬರೆದದ್ದು ಎರಡೂ ಕಡೆ ಇದೆ. ಕೇಳಿ ಬರೆದದ್ದು ಒಂದು ಕಡೆ ಮಾತ್ರ.

ಈಗ ನಾನು ಮಾಡುವ ಕ್ರಮ

ಎಐಯನ್ನು ನಾನು ದೂರ ಇಟ್ಟಿಲ್ಲ, ದಿನಾ ಬಳಸುತ್ತೇನೆ. ತಂದ ಫೋಟೋವನ್ನು ಮೊದಲು ದೊಡ್ಡದಾಗಿ ಸ್ಕ್ಯಾನ್ ಮಾಡಿ ಆ ಫೈಲಿಗೆ ಬೀಗ ಹಾಕಿದ ಹಾಗೆ ಬೇರೆ ಇಡುತ್ತೇನೆ. ಗೀರು, ಬೂಷ್ಟು, ಹರಿದ ಹಿನ್ನೆಲೆ ಇವೆಲ್ಲ ಎಐ ಪಾಲಿಗೆ. ಬಟ್ಟೆಯೂ ಅದಕ್ಕೇ, ಆದರೆ ಕಂಬಳಿ, ರುಮಾಲು, ಸೀರೆಯ ಅಂಚು ಹೇಗಿರಬೇಕು ಎಂದು ನಮ್ಮ ಹತ್ತಿರವೇ ಇರುವ ಹಳೇ ಫೋಟೋಗಳಿಂದ ಮಾದರಿ ಕೊಟ್ಟು ಮಾಡಿಸುತ್ತೇನೆ.

ಮುಖಕ್ಕೆ ಬಂದಾಗ ಎಐ ಕೊಟ್ಟದ್ದನ್ನು ಮೇಲಿನ ಲೇಯರ್‌ನಲ್ಲಿಟ್ಟು ಅರ್ಧಕ್ಕಿಂತ ಕಮ್ಮಿಗೆ ತೆಳು ಮಾಡುತ್ತೇನೆ. ಕಣ್ಣು, ಬಾಯಿ, ಕಿವಿಯ ಮೇಲಿಂದ ಅದನ್ನು ಮಾಸ್ಕ್ ಹಾಕಿ ಒರೆಸಿಬಿಡುತ್ತೇನೆ. ಅಲ್ಲಿ ಮೂಲ ಫೋಟೋವೇ ಕಾಣಬೇಕು, ಎಷ್ಟು ಮಸುಕಾಗಿದ್ದರೂ ಸರಿ. ಆ ಮಸುಕನ್ನು ಪೆನ್ ಟ್ಯಾಬ್ಲೆಟ್ಟಿನಲ್ಲಿ ಹಳೇ ಅಲ್ಪವಿರಾಮದ ಗೀಟುಗಳಿಂದಲೇ ತಿದ್ದುತ್ತೇನೆ. ಹಚ್ಚೆ, ಬುಗುಡಿ, ಮೂಗುಬೊಟ್ಟು, ಕುಂಕುಮ ಕೈಯಿಂದ. ಕೊನೆಗೆ ಇಡೀ ಚಿತ್ರಕ್ಕೆ ಒಂದೇ ಸಮ ಗ್ರೇನ್ ಉದುರಿಸಿದರೆ ಯಂತ್ರದ ನುಣುಪೂ ಫೋಟೋದ ಒರಟೂ ಬೆರೆಯುತ್ತವೆ.

ಕಣ್ಣು ಮುಚ್ಚಿದ ಫೋಟೋ ಈಗಲೂ ಬರುತ್ತದೆ. ಗುರುಗಳ ಪಂಚಾಯ್ತಿಯನ್ನು ನಾನು ಬಿಟ್ಟಿಲ್ಲ. ಯಾರದು ಅಪ್ಪನ ಕಣ್ಣು ಎಂದು ಕೇಳಿ, ಆ ಮಗನನ್ನೋ ಮಗಳನ್ನೋ ಫೋಟೋದಲ್ಲಿ ಬೆಳಕು ಬಂದ ದಿಕ್ಕಿಗೇ ಕೂರಿಸಿ ತೆಗೆದು, ಆ ಕಣ್ಣನ್ನು ಎಐಗೆ ಮಾದರಿಯಾಗಿ ಕೊಡುತ್ತೇನೆ. ಹೀಗೆ ಹತ್ತಿರದ ಕಣ್ಣು ಕೊಟ್ಟರೆ ಅದು ದೂರದವರ ಹತ್ತಿರ ಸಾಲಕ್ಕೆ ಹೋಗುವುದು ಕಮ್ಮಿಯಾಗುತ್ತದೆ. ಆಮೇಲೆ ಸಣ್ಣ ಪ್ರಿಂಟ್ ಹಾಕಿ, ತೀರಿಕೊಂಡವರನ್ನು ಕಣ್ಣಾರೆ ಕಂಡ ಒಬ್ಬರಿಗೆ ತೋರಿಸಿ, ಅವರು ಹೂಂ ಅಂದ ಮೇಲೆ ದೊಡ್ಡದು. ಮೊಮ್ಮಕ್ಕಳ ಹೂಂ ಸಾಲದು. ಅವರಿಗೆ ಚೆಂದ ಕಂಡರೆ ಸಾಕು.

ಕೆಲವು ಬೇಡಿಕೆಗಳಿಗೆ ನಾನು ಒಪ್ಪುವುದಿಲ್ಲ. 2021ರ ಫೆಬ್ರುವರಿಯಲ್ಲಿ ಮೈಹೆರಿಟೇಜ್ ಎಂಬ ಕಂಪನಿ ಹಳೇ ಫೋಟೋದ ಮುಖ ಅಲುಗಾಡಿಸುವ ಸಾಧನ ಬಿಟ್ಟಾಗಿನಿಂದ "ತಾತ ನಗೋ ಹಂಗೆ ಮಾಡಣ್ಣ" ಎಂದು ಕೇಳುತ್ತಾರೆ. ನಿಮ್ಮ ತಾತ ನಗುವಾಗ ಯಾವ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು ಎಂದು ತಿರುಗಿ ಕೇಳುತ್ತೇನೆ. ಗೊತ್ತಿದ್ದವರು ಹೇಳುತ್ತಾರೆ, ಆಗ ಯೋಚನೆ ಮಾಡಬಹುದು. ಗೊತ್ತಿಲ್ಲದವರಿಗೆ ಆ ನಗು ಯಾರದಾದರೇನು? ತಾತನಿಗೆ ಸೂಟ್ ಹಾಕಿಸಿ ಎಂದರೆ ಮಾತ್ರ ಹಾಕಿಸುತ್ತೇನೆ. ಗುರುಗಳ ಕರೀ ಕೋಟಿನ ನಿಯಮ ಅದಕ್ಕೆ ಅನ್ವಯಿಸುತ್ತದೆ.

ನನ್ನನ್ನು ಕಾಡುವ ಚಿಂತೆ ಯಂತ್ರದ್ದಲ್ಲ. ಈ ಕಸುಬಿಗೆ ಯಾವತ್ತೂ ಒಬ್ಬ ನ್ಯಾಯಾಧೀಶ ಇದ್ದ. ಫೋಟೋ ಕೈಗೆ ಬಂದಾಗ "ಇದು ನಮ್ಮವ್ವ ಅಲ್ಲ" ಎಂದು ತಿರುಗಿ ಕೊಡುವ ಮಗ, "ಮೂಗು ಹಿಂಗಿರ್ಲಿಲ್ಲ" ಎನ್ನುವ ತಂಗಿ. ಪೆನ್ಸಿಲ್ಲಿನ ಕಾಲದಲ್ಲೂ ಸುಳ್ಳು ಬರೆಯಲು ಕಷ್ಟವೇನಿರಲಿಲ್ಲ. ಅವರ ಭಯದಿಂದ ಬರೆಯಲಿಲ್ಲ. ಆ ಮುಖಗಳನ್ನು ಕಂಡವರು ಈಗ ವರ್ಷಕ್ಕಿಷ್ಟು ಎಂದು ಕಮ್ಮಿಯಾಗುತ್ತಿದ್ದಾರೆ. ಅವರು ಹೋದ ಮೇಲೆ ಫೋನಿನಲ್ಲಿ ಮಾಡಿದ ನುಣುಪು ಮುಖವೇ ಪ್ರಮಾಣವಾಗುತ್ತದೆ, ತಕರಾರು ಮಾಡುವವರು ಇರುವುದಿಲ್ಲ. ಅದಕ್ಕೇ ಈಗ ಪ್ರತಿ ಕೆಲಸದ ಜೊತೆ ತಿದ್ದದ ಸ್ಕ್ಯಾನನ್ನೂ ಕೊಡುತ್ತೇನೆ. ಮುಗಿದ ಫೋಟೋದ ಹಿಂದೆ ಹೆಸರು, ಊರು, ಯಾವುದು ಮೂಲ, ಯಾವುದು ಸೇರಿಸಿದ್ದು, ಯಾರು ನೋಡಿ ಒಪ್ಪಿದರು ಎಂದು ಬರೆಯುತ್ತೇನೆ.

ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಮೊದಲು ಕಂಪ್ಯೂಟರ್ ಕೊಡುವುದಿಲ್ಲ. ಒಂದು ಮಸುಕು ಪ್ರಿಂಟ್ ಕೊಟ್ಟು, ಪೆನ್ಸಿಲ್ಲಿನಲ್ಲಿ ಮುಖದ ನೆರಳು ಎಲ್ಲೆಲ್ಲಿ ಬಿದ್ದಿದೆ ಎಂದು ಗುರುತು ಮಾಡಿಸುತ್ತೇನೆ. ಮೂಗಿನ ಬುಡ, ಕೆಳತುಟಿಯ ಅಡಿ, ಕಿವಿಯ ಹಿಂದೆ. "ಎಐ ಮಾಡ್ತದಲ್ಲಣ್ಣ, ಇದ್ಯಾಕೆ?" ಎಂದು ಗೊಣಗುತ್ತಾರೆ. ಕೆಲವು ವಾರ ಕಳೆದು ಎಐ ಮುಂದೆ ಕೂರಿಸಿದಾಗ ಅದು ಒಂದೇ ಅಜ್ಜಿಗೆ ಸಾಲಾಗಿ ಹಲವು ಮುಖ ಕೊಡುತ್ತದೆ. ಎಲ್ಲವೂ ಚೂಪು, ಎಲ್ಲವೂ ಚೆಂದ. ನೆರಳು ಗುರುತಿಸಲು ಕಲಿತವರು ಒಂದೊಂದನ್ನೇ ಅಳಿಸುತ್ತಾ ಹೋಗುತ್ತಾರೆ: ಇದರಲ್ಲಿ ದವಡೆ ಅಗಲವಾಯಿತು, ಇದರಲ್ಲಿ ಹುಬ್ಬು ಬೇರೆಯವರದು. ಕಲಿಯದವರಿಗೆ ಅವೆಲ್ಲವೂ ಅಜ್ಜಿಯೇ.